ನಮ್ಮ ಕಡತಗಳನ್ನು ಕಾಯುವವರು ಯಾರು?

ನಮ್ಮದು ಅಂತ ನಾವು ಹೇಳಿಕೊಳ್ಳುವ ಎಷ್ಟೋ ವಸ್ತುಗಳು ಈಗ ನಮ್ಮ ಹತ್ತಿರ ಇಲ್ಲ. ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ತೀರಿಹೋದ ಅಜ್ಜಿಯ ದನಿ ಉಳಿದಿರುವ ಒಂದು ವಾಯ್ಸ್ ಮೆಸೇಜು, ಜಮೀನಿನ ಕಾಗದಪತ್ರಗಳ ಸ್ಕ್ಯಾನು, ವರ್ಷಗಟ್ಟಲೆ ಬರೆದಿಟ್ಟ ಬರವಣಿಗೆ ಎಲ್ಲವೂ ನಾವು ಕಾಣದ ಊರಿನ ಕಾಣದ ಕಟ್ಟಡದ ಡಿಸ್ಕುಗಳ ಮೇಲಿವೆ. ನಮ್ಮ ಕೈಯಲ್ಲಿರುವುದು ಒಂದು ಪಾಸ್‌ವರ್ಡ್ ಮಾತ್ರ. ಜಾಗ ಕೊಟ್ಟವರ ನಿಯಮ ಬದಲಾದರೆ ನಮ್ಮ ಸ್ಥಿತಿಯೂ ಬದಲಾಗುತ್ತದೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಮೈಸ್ಪೇಸ್ ತಾಣವು ಸರ್ವರ್ ಬದಲಾಯಿಸುವಾಗ, ಜನ ಹನ್ನೆರಡು ವರ್ಷ ಏರಿಸಿದ್ದ ಹಾಡುಗಳನ್ನು ಕಳೆದುಕೊಂಡ ಸುದ್ದಿ 2019ರಲ್ಲಿ ಹೊರಬಿತ್ತು.

ಇವುಗಳನ್ನು ಅನ್ಯಾಯವೆಂದು ದೂರುವುದು ನನ್ನ ಉದ್ದೇಶವಲ್ಲ. ಕರಾರನ್ನು ಓದದೆ ಒಪ್ಪಿದವರು ನಾವೇ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ವಸ್ತು ನನ್ನದು ಅನ್ನಿಸಿಕೊಳ್ಳಬೇಕಾದರೆ ಅದರ ಮೇಲೆ ನನಗೆ ಹಕ್ಕಿದ್ದರೆ ಸಾಕೆ, ಅದು ನನ್ನ ಮನೆಯಲ್ಲೇ ಇರಬೇಕೆ, ಅಥವಾ ಇನ್ನೇನಾದರೂ ಬೇಕೆ? ಮನೆಯಲ್ಲೇ ಲಿನಕ್ಸ್ ಸರ್ವರ್ ಕಟ್ಟಿ, ಮನೆಮಂದಿಯ ಕಡತಗಳನ್ನು ಅದರಲ್ಲಿಟ್ಟು ನಡೆಸಲು ಹೊರಟವರಿಗೆ ಈ ಪ್ರಶ್ನೆ ದಿನನಿತ್ಯದ ಕೆಲಸದ ರೂಪದಲ್ಲೇ ಎದುರಾಗುತ್ತದೆ.

ಕಟ್ಟುವ ಕೆಲಸ ಈಗ ಮೊದಲಿನಷ್ಟು ಕಷ್ಟವಿಲ್ಲ. ಮೂಲೆಗೆ ಬಿದ್ದಿರುವ ಡೆಸ್ಕ್‌ಟಾಪ್ ಆದರೂ ಸರಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಆದರೂ ಸರಿ. ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ದೊಡ್ಡ ಡಿಸ್ಕೊಂದನ್ನು ಜೋಡಿಸಿ, ಅಪಾಚೆ, ಪಿಎಚ್‌ಪಿ, ಮರಿಯಾಡಿಬಿಗಳ ಮೇಲೆ ಕಡತಗಳನ್ನು ಇಟ್ಟು ಹಂಚಿಕೊಳ್ಳುವ ತಂತ್ರಾಂಶವಾದ ನೆಕ್ಸ್ಟ್‌ಕ್ಲೌಡ್ ಕೂರಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಫೋನಿಗೆ ಅದರ ಆಪ್ ಹಾಕಿದರೆ ತೆಗೆದ ಫೋಟೊಗಳೆಲ್ಲ ತಾವಾಗಿಯೇ ಮನೆಯ ಡಿಸ್ಕಿಗೆ ಬಂದು ಸೇರುತ್ತವೆ. ಈ ತಂತ್ರಾಂಶದ ಹುಟ್ಟಿನಲ್ಲೇ ಒಡೆತನದ ಬಗ್ಗೆ ಒಂದು ಪಾಠವಿದೆ. ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ ಓನ್‌ಕ್ಲೌಡ್ ಎಂಬ ಯೋಜನೆ ಆರಂಭಿಸಿದರು. ಅದರ ಸುತ್ತ ಒಂದು ಕಂಪನಿಯೂ ಬೆಳೆಯಿತು. 2016ರಲ್ಲಿ ಅವರೇ ಆ ಕಂಪನಿಯಿಂದ ಹೊರಬಂದು, ಅದೇ ಕೋಡನ್ನು ಆಧಾರವಾಗಿಟ್ಟುಕೊಂಡು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಕಂಪನಿಯ ಬಾಗಿಲು ದಾಟಿದ ಮೇಲೂ ಕೋಡು ಅವರೊಂದಿಗೆ ಬರಲು ಸಾಧ್ಯವಾದದ್ದು ಅದರ ಮುಕ್ತ ಪರವಾನಗಿಯಿಂದ. ಯಾರೊಬ್ಬರೂ ಬೀಗ ಹಾಕಿ ಇಟ್ಟುಕೊಳ್ಳಲಾಗದ ವಸ್ತು ಎಲ್ಲರಿಗೂ ಉಳಿಯಿತು.

ಸರ್ವರ್ ಓಡತೊಡಗಿದ ಮೇಲೆ ಒಂದು ಸಣ್ಣ ಸಂಗತಿ ಗಮನಕ್ಕೆ ಬರುತ್ತದೆ. ಹಳೆಯ ಪೆನ್‌ಡ್ರೈವಿನ ಫೋಟೊಗಳನ್ನು ನೆಕ್ಸ್ಟ್‌ಕ್ಲೌಡಿನ ಡೇಟಾ ಫೋಲ್ಡರಿಗೆ ನೇರವಾಗಿ ಕಾಪಿ ಮಾಡಿ, ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿ ಏನೂ ಕಾಣುವುದಿಲ್ಲ. ಡಿಸ್ಕಿನ ಮೇಲೆ ಕಡತಗಳಿವೆ, ಟರ್ಮಿನಲ್ಲಿನಲ್ಲಿ ಹೆಸರುಗಳ ಪಟ್ಟಿ ಬರುತ್ತದೆ, ಆದರೂ ನೆಕ್ಸ್ಟ್‌ಕ್ಲೌಡ್ ಪಾಲಿಗೆ ಅವು ಇಲ್ಲ. ಯಾವ ಕಡತ ಎಲ್ಲಿದೆ, ಯಾರದ್ದು, ಯಾರ ಜೊತೆ ಹಂಚಿಕೊಂಡದ್ದು ಎಂಬ ತಿಳಿವಳಿಕೆಯನ್ನು ಅದು ಬೇರೆಯೇ ಒಂದು ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಫೋಲ್ಡರನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡು ಎಂದು ಆಜ್ಞೆ ಕೊಟ್ಟ ಮೇಲೆಯೇ ಹೊಸ ಕಡತಗಳಿಗೆ ಅದರ ಲೆಕ್ಕದಲ್ಲಿ ಅಸ್ತಿತ್ವ ಬರುತ್ತದೆ. ಡೇಟಾಬೇಸ್ ಕೆಟ್ಟು ಫೋಲ್ಡರ್ ಮಾತ್ರ ಉಳಿದರೆ ಚಿತ್ರಗಳು ಉಳಿದಾವು, ಅವುಗಳ ನಂಟುಗಳು ಹೋಗುತ್ತವೆ. ಫೋಲ್ಡರ್ ಹೋಗಿ ಡೇಟಾಬೇಸ್ ಉಳಿದರೆ ಕೈಗೆ ಸಿಗುವುದು ಬರೀ ಹೆಸರುಗಳು. ವಸ್ತು ಇರುವುದು ಒಂದು, ಅದು ಇದೆ ಎಂಬ ಅರಿವಿರುವುದು ಇನ್ನೊಂದು. ಕಾಯುವವರು ಎರಡನ್ನೂ ಕಾಯಬೇಕು.

ಮುಂದಿನ ಪ್ರಶ್ನೆ ಅಧಿಕಾರದ್ದು. ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ ಇರುತ್ತಾನೆ. ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅನುಮತಿಗಳೂ ಇರುತ್ತವೆ. ಆದರೆ ರೂಟ್ ಎಂಬ ಒಬ್ಬ ಬಳಕೆದಾರನಿಗೆ ಈ ಬೇಲಿಗಳು ಅನ್ವಯಿಸುವುದಿಲ್ಲ. ಸರ್ವರ್ ಕಟ್ಟಿದವರೇ ರೂಟ್. ಹೆಂಡತಿಯ ಟಿಪ್ಪಣಿ, ಮಗಳ ಡೈರಿ, ತಮ್ಮನ ಬ್ಯಾಂಕ್ ದಾಖಲೆ ಎಲ್ಲವೂ ಅವರ ಕಣ್ಣಳತೆಯಲ್ಲಿದೆ. ದೂರದ ಕಂಪನಿ ನಮ್ಮ ಖಾಸಗಿ ಬದುಕನ್ನು ನೋಡುತ್ತಿದೆ ಎಂಬ ಆತಂಕದಿಂದ ಹೊರಟವರು ಮನೆಯೊಳಗೇ ಅಂಥದೊಂದು ಕಣ್ಣನ್ನು ತಂದು ಕೂರಿಸಿದಂತಾಗುತ್ತದೆ. ಕಂಪನಿಯ ಯಂತ್ರಕ್ಕೆ ನಮ್ಮ ಮಗಳ ಪರಿಚಯವಿಲ್ಲ, ಮನೆಯ ರೂಟ್‌ಗೆ ಇದೆ. ಹಾಗಾಗಿ ಈ ಕಣ್ಣು ಇನ್ನೂ ಹತ್ತಿರದ್ದು.

ಇದಕ್ಕೆ ತಂತ್ರಜ್ಞಾನದಲ್ಲಿ ಪರಿಹಾರವಿಲ್ಲವೆಂದಲ್ಲ. ಸರ್ವರಿನಲ್ಲೇ ಗೂಢಲಿಪೀಕರಣ ಮಾಡಬಹುದು. ಆದರೆ ಕೀಲಿಯೂ ಅದೇ ಸರ್ವರಿನಲ್ಲಿ ಇರುವುದರಿಂದ ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಮನಸ್ಸು ಮಾಡಿದರೆ ಅದನ್ನು ದಾಟಬಲ್ಲ. ಬಳಕೆದಾರರ ಸಾಧನಗಳಲ್ಲಿ ಮಾತ್ರ ಕೀಲಿ ಇರುವ ಎಂಡ್ ಟು ಎಂಡ್ ವಿಧಾನದಲ್ಲಿ ಅಡ್ಮಿನ್‌ಗೂ ಏನೂ ಕಾಣದು. ಅಲ್ಲಿ ಕೀಲಿ ಕಳೆದರೆ ಕಡತವೂ ಶಾಶ್ವತವಾಗಿ ಹೋಯಿತು, ಯಾರೂ ತೆರೆದುಕೊಡಲಾರರು. ಎರಡರ ನಡುವೆ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಸರ್ವರ್ ಕಟ್ಟಿದವರೊಬ್ಬರೇ ತೀರ್ಮಾನಿಸಬಾರದು ಎಂದು ನಾನು ನಂಬಿದ್ದೇನೆ. ಮನೆಯವರೆಲ್ಲ ಕೂತು ಮಾತಾಡಬೇಕು; ನನಗೆ ಏನೇನು ಕಾಣುತ್ತದೆ ಎಂಬುದನ್ನು ಅಡ್ಮಿನ್ ಮುಚ್ಚುಮರೆಯಿಲ್ಲದೆ ಹೇಳಬೇಕು. ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆ ಪ್ರತಿ ಬೇಲಿಗೂ ಇದೆ. ನೋಡಬಲ್ಲವರು ನೋಡದೆ ಇರುವುದನ್ನು ಯಾವ ಆಜ್ಞೆಯೂ ಖಾತರಿಪಡಿಸಲಾರದು. ಅದು ಅವರ ನಡತೆಯಿಂದಲೇ ಬರಬೇಕು.

ಮನೆಯ ಸರ್ವರ್ ಇದ್ದವರು ಸ್ವತಂತ್ರರು, ಯಾರ ಹಂಗೂ ಅವರಿಗಿಲ್ಲ ಎಂಬ ಮಾತನ್ನು ಉತ್ಸಾಹಿಗಳು ಹೇಳುವುದುಂಟು. ಕೆಲಸ ಮಾಡುತ್ತ ಹೋದಂತೆ ಆ ಮಾತು ಸಡಿಲವಾಗುತ್ತದೆ. ಹೊರಗಿನಿಂದ ಸರ್ವರಿಗೆ ಸುರಕ್ಷಿತವಾಗಿ ಬರಬೇಕಾದರೆ ಪ್ರಮಾಣಪತ್ರ ಬೇಕು. ಅದನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಈವರೆಗಿನ ರೂಢಿಯಂತೆ ಅದರ ಆಯುಷ್ಯ 90 ದಿನ; ನವೀಕರಣ ತಪ್ಪಿದರೆ ಬ್ರೌಸರುಗಳು ಎಚ್ಚರಿಕೆಯ ಫಲಕ ಹಿಡಿಯುತ್ತವೆ. ಇನ್ನು ವಿಳಾಸದ ಮಾತು. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಹಂಚಿಕೆಯಾಯಿತು. ಹಾಗಾಗಿ ನಮ್ಮಲ್ಲಿ ಎಷ್ಟೋ ಮನೆಗಳ ಬ್ರಾಡ್‌ಬ್ಯಾಂಡಿಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲ, ನೂರಾರು ಮನೆಗಳು ಒಂದೇ ವಿಳಾಸದ ಹಿಂದೆ ಇರುತ್ತವೆ. ಹೊರಗಿನಿಂದ ಬಾಗಿಲು ತಟ್ಟಿದವರಿಗೆ ನಮ್ಮ ಮನೆ ಯಾವುದೆಂದೇ ತಿಳಿಯದು. ಆಗ ಐಪಿವಿ6 ಹಿಡಿಯಬೇಕು, ಇಲ್ಲವೇ ವೈರ್‌ಗಾರ್ಡ್‌ನಂಥ ಸುರಂಗ ಕಟ್ಟಿ ಬೇರೆ ಯಾವುದೋ ಯಂತ್ರದ ಮೂಲಕ ಬರಬೇಕು. ಇದಕ್ಕೆಲ್ಲ ಕರೆಂಟು ಬೇಕು. 10 ವ್ಯಾಟಿನ ಸಣ್ಣ ಯಂತ್ರ ವರ್ಷವಿಡೀ ಓಡಿದರೆ ಸುಮಾರು 88 ಯೂನಿಟ್. 50 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪಿಗೆ 438 ಯೂನಿಟ್.

ಅವಲಂಬನೆ ಇಷ್ಟಕ್ಕೇ ನಿಲ್ಲುವುದಿಲ್ಲ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಪುಟ್ಟ ಉಪಕರಣ. ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಅದಿದೆ. ಅದನ್ನು ವರ್ಷಗಳ ಕಾಲ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ನೆರವಾಗುತ್ತ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲನ್ನು ಸೇರಿಸಿದರು. 2024ರ ಮಾರ್ಚ್ ಕೊನೆಯಲ್ಲಿ ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದಾಗ ಅದು ಬಯಲಾಯಿತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದಿನ್ನೂ ಇಳಿದಿರಲಿಲ್ಲ, ಜಗತ್ತು ಬಚಾವಾಯಿತು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಇರಲಿ ಬಿಡು ಅನ್ನದ ಒಬ್ಬ ಮನುಷ್ಯನ ಎಚ್ಚರ ಅಂದು ಲೆಕ್ಕವಿಲ್ಲದಷ್ಟು ಸರ್ವರುಗಳನ್ನು ಕಾಪಾಡಿತು. ನಮ್ಮ ಮನೆಯ ಮೂಲೆಯ ಯಂತ್ರ ಅಂಥವರ ಶ್ರಮದ ಮೇಲೆ ನಿಂತಿದೆ. ಅಂದಮೇಲೆ ಸ್ವಾವಲಂಬನೆಗೆ ಹಂಗು ತೊರೆಯುವುದು ಎಂಬ ಅರ್ಥ ಹೊಂದುವುದಿಲ್ಲ. ಯಾರನ್ನು ಆಶ್ರಯಿಸಿದ್ದೇನೆಂದು ತಿಳಿದಿರುವುದು, ಆ ಆಶ್ರಯವನ್ನು ಬೇಕೆಂದಾಗ ಬದಲಿಸಲು ಸಾಧ್ಯವಿರುವುದು, ಅವರ ಶ್ರಮಕ್ಕೆ ಋಣಿಯಾಗಿರುವುದು, ಇಷ್ಟು ಸೇರಿದರೆ ಸ್ವಾವಲಂಬನೆ.

ಇನ್ನು ಕಾಯುವ ಕೆಲಸ. ಹಾರ್ಡ್ ಡಿಸ್ಕಿಗೆ ತಯಾರಕರು ಕೊಡುವ ವಾರಂಟಿ ಸಾಮಾನ್ಯವಾಗಿ 2ರಿಂದ 5 ವರ್ಷ. ಎರಡು ಡಿಸ್ಕುಗಳನ್ನು ರೇಡ್ 1 ಪದ್ಧತಿಯಲ್ಲಿ ಜೋಡಿಸಿದರೆ ಒಂದು ಸತ್ತರೂ ಇನ್ನೊಂದು ನಡೆಸುತ್ತದೆ. ಆದರೆ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದು ಏಕಕಾಲಕ್ಕೆ ಅಳಿಯುತ್ತದೆ. ಸಿಂಕ್ ಮಾಡುವುದೂ ಹೀಗೆಯೇ, ಸಿಂಕ್ ಆಗುವ ಫೋಲ್ಡರಿನಲ್ಲಿ ಒಂದು ಕಡೆ ಅಳಿಸಿದ್ದು ಸರ್ವರಿನಲ್ಲೂ ಹೋಗುತ್ತದೆ. ನೆಕ್ಸ್ಟ್‌ಕ್ಲೌಡಿನ ಕಸದಬುಟ್ಟಿ ಅದನ್ನು ಸಾಮಾನ್ಯವಾಗಿ 30 ದಿನ ಹಿಡಿದಿಟ್ಟು, ಆಮೇಲೆ ಜಾಗ ಬೇಕಾದಾಗ ಚೆಲ್ಲುತ್ತದೆ. ಇದಕ್ಕಾಗಿಯೇ ಬಲ್ಲವರು 3-2-1 ಎಂಬ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಬೇರೆ ಜಾಗ ಎಷ್ಟು ಮುಖ್ಯವೆಂಬುದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಹೊತ್ತಿ ಉರಿದಾಗ ಗೊತ್ತಾಯಿತು. ಅದೇ ಆವರಣದಲ್ಲಿ ಬ್ಯಾಕಪ್ ಇದ್ದವರ ಪೈಕಿ ಕೆಲವರು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೆ ಕಳೆದುಕೊಂಡರು. ದೊಡ್ಡವರಿಗೂ ಬೆಂಕಿ ಬೆಂಕಿಯೇ. ಅಣ್ಣನ ಮನೆ ಬೇರೆ ಊರಿನಲ್ಲಿದ್ದರೆ, ಮಗಳು ಹೊರದೇಶದಲ್ಲಿದ್ದರೆ, ಅಲ್ಲೊಂದು ಡಿಸ್ಕಿಟ್ಟು ರಾತ್ರಿ ಹೊತ್ತು ಪ್ರತಿಯನ್ನು ಕಳಿಸುವುದು ಸಾಮಾನ್ಯ ಕುಟುಂಬಕ್ಕೂ ಸಾಧ್ಯವಿರುವ ಏರ್ಪಾಡು.

ಪ್ರತಿ ಮಾಡುತ್ತ ಹೋಗುವುದರಿಂದಲೇ ವಿದ್ಯೆ ಉಳಿದದ್ದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ನಮ್ಮ ಹವೆಯಲ್ಲಿ ತಾಳೆಗರಿ ನಿರಂತರ ಉಳಿಯದು. ಗೆದ್ದಲು, ತೇವ, ಬೂಷ್ಟು ಅದನ್ನು ತಿನ್ನುತ್ತವೆ. ಕಾಲಕಾಲಕ್ಕೆ ಯಾರೋ ಕೂತು ಹೊಸ ಗರಿಗೆ ನಕಲು ಮಾಡಬೇಕಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ಹಾಗೆ ನಕಲಾಗುತ್ತ ಬಂದು, ತಂಜಾವೂರು ಕಡೆಯ ಪಂಡಿತರೊಬ್ಬರ ಬಳಿ ಇದ್ದ ಗ್ರಂಥ ಲಿಪಿಯ ಪ್ರತಿಯಾಗಿ ಮೈಸೂರಿಗೆ ತಲುಪಿತು. 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಅದು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. ಅವರು ಅದನ್ನು ಓದಿ, ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಈ ಕಥೆಯಲ್ಲಿ ಮೂರು ಕೆಲಸಗಳಿವೆ. ಮನೆಯಲ್ಲಿ ಒಬ್ಬರು ಕಾದಿಟ್ಟರು. ಕಾದಿಟ್ಟವರು ಇನ್ನೊಬ್ಬರ ಕೈಗೆ ಕೊಟ್ಟರು. ಪಡೆದವರಿಗೆ ಆ ಲಿಪಿ ಓದಲು ಬರುತ್ತಿತ್ತು. ಮೂರರಲ್ಲಿ ಒಂದು ತಪ್ಪಿದ್ದರೂ ಆ ಪ್ರತಿಯಿಂದ ಜಗತ್ತಿಗೆ ಅರ್ಥಶಾಸ್ತ್ರ ಸಿಗುತ್ತಿರಲಿಲ್ಲ.

ಓದಲು ಬರುವುದು ಎಂಬ ಮೂರನೆಯ ಕೆಲಸ ಕನ್ನಡಿಗರಿಗೆ ಈಗಲೂ ದಿನನಿತ್ಯದ ಸಮಸ್ಯೆ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೂ ಇದೆ. ಆದರೂ ನಮ್ಮ ಕಚೇರಿ, ಪತ್ರಿಕೆ, ಪ್ರಕಾಶನಗಳಲ್ಲಿ ದಶಕಗಳ ಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್ ಪದ್ಧತಿಯಲ್ಲೇ ಟೈಪಿಸಿದರು. ಆ ಕಡತಗಳನ್ನು ಎಷ್ಟೇ ಭದ್ರವಾಗಿ ಸರ್ವರಿನಲ್ಲಿಟ್ಟರೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಒಂದು ಬೈಟೂ ಕೆಟ್ಟಿಲ್ಲ, ಒಂದು ಪದವೂ ಉಳಿದಿಲ್ಲ. ಹುಡುಕು ಎಂದರೆ ಸರ್ವರಿಗೆ ಅವುಗಳಲ್ಲಿ ಕನ್ನಡವೇ ಸಿಗುವುದಿಲ್ಲ. ಹಾಗಾಗಿ ಸರ್ವರ್ ಕಟ್ಟುವ ಕನ್ನಡಿಗರಿಗೆ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸಿ, ಕಾಗುಣಿತ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದುವ ಕೆಲಸವೂ ಸೇರಿಕೊಂಡಿರುತ್ತದೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರು ಇನ್ನೊಂದನ್ನು ತಿಳಿದಿರಬೇಕು. ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಉದ್ದನೆಯ ಹೆಸರಿಟ್ಟರೆ ಕಾಪಿ ಆಗುವಾಗ ಕಡತ ಹಿಂದೆ ಉಳಿದುಬಿಡುತ್ತದೆ. ನಮ್ಮ ಭಾಷೆಯ ದಾಖಲೆಗಳನ್ನು ನಮ್ಮಷ್ಟು ಅಕ್ಕರೆಯಿಂದ ಬೇರೆ ಯಾರೂ ಪರಿಶೀಲಿಸರು ಎಂಬುದಕ್ಕೆ ಇಂಥ ಸಣ್ಣ ಸಂಗತಿಗಳೇ ಸಾಕ್ಷಿ.

ಸ್ವಂತ ಡಿಸ್ಕು ತುಂಬುತ್ತ ಬಂದಾಗ ಇನ್ನೊಂದು ತಿಳಿವಳಿಕೆ ಮೂಡುತ್ತದೆ. ಉಚಿತ ಜಾಗ ಇದ್ದಷ್ಟು ದಿನ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಲೇ ಇಲ್ಲ. ಒಂದೇ ಸೂರ್ಯಾಸ್ತದ ಹದಿನಾರು ಫೋಟೊ, ದಿನಕ್ಕೆ ಹತ್ತರಂತೆ ಬಂದ ಶುಭೋದಯದ ಚಿತ್ರಗಳು, ಅವುಗಳ ನಡುವೆ ಎಲ್ಲೋ ಅಪ್ಪನ ಕೈಬರಹದ ಒಂದು ಪುಟ. ಎಲ್ಲವನ್ನೂ ಇಟ್ಟರೆ ಬೇಕಾದದ್ದೇ ಕೈಗೆ ಸಿಗದು. ಅಪರಿಗ್ರಹವನ್ನು ವ್ರತವಾಗಿ ಹೇಳಿದ ಜೈನಪರಂಪರೆ ಸಾವಿರಾರು ವರ್ಷ ಬಾಳಿದ ನೆಲ ನಮ್ಮದು. ಇಟ್ಟುಕೊಂಡ ಪ್ರತಿಯೊಂದೂ ನಮ್ಮ ಗಮನದಲ್ಲಿ ಪಾಲು ಕೇಳುತ್ತದೆ ಎಂಬ ಆ ವ್ರತದ ಹಿಂದಿನ ವಿವೇಕ ಸರ್ವರ್ ಮುಂದೆ ಕೂತಾಗಲೂ ನಿಜವಾಗಿ ಕಾಣುತ್ತದೆ. ಕಾಯಬಲ್ಲಷ್ಟನ್ನು ಇಡುವುದು ಲೇಸು.

ಕೊನೆಯದಾಗಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಸರ್ವರ್ ಕಟ್ಟಿದವರು ಇಲ್ಲವಾದರೆ? ಡಿಸ್ಕು ಯಾವುದು, ಅದನ್ನು ತೆರೆಯುವ ಗುಪ್ತಪದ ಯಾವುದು, ಸರ್ವರಿನ ಡೊಮೇನ್ ಹೆಸರಿಗೆ ಹಣ ಕಟ್ಟಬೇಕಾದ ತಿಂಗಳು ಯಾವುದು, ಬೇರೆ ಊರಿನ ಪ್ರತಿಯಿಂದ ಫೋಟೊಗಳನ್ನು ಹೊರತೆಗೆಯುವ ಕ್ರಮ ಯಾವುದು, ಇದೆಲ್ಲ ಒಬ್ಬರ ತಲೆಯಲ್ಲೇ ಇದ್ದರೆ ಅವರ ಜೊತೆ ಮನೆಯ ನೆನಪುಗಳೂ ಹೋಗುತ್ತವೆ. ದೂರದ ಕಂಪನಿಗಾದರೂ ಸಹಾಯವಾಣಿ ಇರುತ್ತದೆ. ಮೃತರ ಖಾತೆಯ ಬಗ್ಗೆ ಅರ್ಜಿ ಹಾಕಲು ದಾರಿ ಇರುತ್ತದೆ. ಮನೆಯ ಸರ್ವರಿನ ಯಜಮಾನ ಹೋದರೆ ಉಳಿದವರ ಮುಂದೆ ದೀಪ ಮಿನುಗುವ ಒಂದು ಪೆಟ್ಟಿಗೆ ಮಾತ್ರ ಇರುತ್ತದೆ. ಯಾರ ಹಂಗೂ ಬೇಡವೆಂದು ಕಟ್ಟಿದ್ದು ಮನೆಯವರನ್ನು ಒಬ್ಬನ ಹಂಗಿಗೆ ಬಿಟ್ಟುಹೋದರೆ ಆ ಸ್ವಾತಂತ್ರ್ಯ ಅರ್ಧದ್ದು.

ಆದ್ದರಿಂದ ಮನೆಯ ಸರ್ವರಿನ ಅತಿ ಮುಖ್ಯ ಭಾಗ ಕಾಗದದ ಮೇಲಿರಬೇಕು ಎಂಬುದು ನನ್ನ ಖಚಿತ ನಿಲುವು. ಸರಳ ಕನ್ನಡದಲ್ಲಿ, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರಿಗೂ ತಿಳಿಯುವಂತೆ ಎರಡು ಪುಟ: ಯಾವ ಡಿಸ್ಕನ್ನು ಯಾವ ಯಂತ್ರಕ್ಕೆ ಸಿಕ್ಕಿಸಬೇಕು, ಯಾವ ಫೋಲ್ಡರ್ ತೆರೆಯಬೇಕು, ತೊಡಕಾದರೆ ಯಾರನ್ನು ಕೇಳಬೇಕು. ಕಡತಗಳು ಎಲ್ಲಿ ಬೇಕಾದರೂ ತೆರೆಯುವ ಸಾಧಾರಣ ರೂಪದಲ್ಲಿರಬೇಕು: ಜೆಪೆಗ್, ಪಿಡಿಎಫ್, ಯೂನಿಕೋಡ್ ಪಠ್ಯ. ನೆಕ್ಸ್ಟ್‌ಕ್ಲೌಡೇ ಇಲ್ಲದಿದ್ದರೂ ಅವು ತೆರೆದುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ಮನೆಯ ಇನ್ನೊಬ್ಬರು, ಕಟ್ಟಿದವರ ಸಹಾಯವಿಲ್ಲದೆ, ಆ ಕಾಗದ ನೋಡಿಕೊಂಡು ಬ್ಯಾಕಪ್ಪಿನಿಂದ ಒಂದು ಆಲ್ಬಮ್ಮನ್ನು ಮರಳಿ ತರಬೇಕು. ತಂದು ತೋರಿಸದ ಬ್ಯಾಕಪ್ಪು ಬರೀ ಭರವಸೆ.

ಎಲ್ಲರಿಂದಲೂ ಇದು ಆಗದು, ಆಗಬೇಕಿಲ್ಲ. ಸಮಯವಿಲ್ಲದವರು, ಆಸಕ್ತಿಯಿಲ್ಲದವರು ಒಳ್ಳೆಯ ಸೇವೆಗೆ ಹಣ ಕೊಟ್ಟು, ಕರಾರು ಓದಿ, ಒಂದು ಪ್ರತಿಯನ್ನು ತಮ್ಮಲ್ಲೂ ಇಟ್ಟುಕೊಳ್ಳುವುದು ಪಾಳುಬಿದ್ದ ಸರ್ವರಿಗಿಂತ ಎಷ್ಟೋ ಮೇಲು. ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಫ್ರಾನ್ಸಿನಲ್ಲಿ ಫ್ರಾಮಾಸಾಫ್ಟ್ ಎಂಬ ಸಂಘ 2016ರಲ್ಲಿ ಶಟಾನ್ ಎಂಬ ಒಕ್ಕೂಟ ಕಟ್ಟಿತು. ತಮ್ಮ ಊರು, ತಮ್ಮ ಬಳಗಕ್ಕೆ ಸೇವೆ ಕೊಡುವ ಸಣ್ಣಪುಟ್ಟ ಗುಂಪುಗಳು ಅದರಲ್ಲಿವೆ. ಮುಕ್ತ ತಂತ್ರಾಂಶ, ಪಾರದರ್ಶಕತೆ ಮತ್ತು ಬಳಕೆದಾರರ ಮಾಹಿತಿಯ ಗೌರವ, ಇವನ್ನು ಒಪ್ಪಿ ಬರೆದ ಸನ್ನದಿಗೆ ಅವು ಬದ್ಧ. ಸಹಕಾರ ಸಂಘ, ಊರಿನ ಗ್ರಂಥಾಲಯ, ಹಳೆಯ ವಿದ್ಯಾರ್ಥಿಗಳ ಬಳಗ ಇವೆಲ್ಲ ನಮ್ಮಲ್ಲೂ ಇವೆ. ಲಿನಕ್ಸ್ ಬಲ್ಲ ಎಂಜಿನಿಯರುಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಹತ್ತಾರು ಮನೆಗಳು ಸೇರಿ ಒಂದು ಸರ್ವರ್ ನಡೆಸಿದರೆ ರೂಟ್‌ನ ಅಧಿಕಾರಕ್ಕೆ ಸಭೆಯ ಕಣ್ಗಾವಲಿರುತ್ತದೆ, ಒಬ್ಬರು ಹೋದರೂ ಇನ್ನೊಬ್ಬರಿಗೆ ಕೆಲಸ ತಿಳಿದಿರುತ್ತದೆ, ಖರ್ಚು ಹಂಚಿಹೋಗುತ್ತದೆ. ಇದು ಆಗಬೇಕೆಂಬುದು ನನ್ನ ಆಸೆ.

ಒಂದು ವಸ್ತು ನನ್ನದು ಅನ್ನಿಸಿಕೊಳ್ಳಲು ಏನು ಬೇಕೆಂಬ ಪ್ರಶ್ನೆಗೆ ಸರ್ವರ್ ನನಗೆ ಕೊಟ್ಟ ಉತ್ತರ ಇದು. ಹಕ್ಕಿದ್ದರೂ ಸಾಲದು, ಮನೆಯಲ್ಲಿದ್ದರೂ ಸಾಲದು. ಅದು ಇದೆಯೇ, ಸರಿಯಾಗಿದೆಯೇ, ಓದಲು ಬರುತ್ತದೆಯೇ ಎಂದು ನಾನು ನೋಡುತ್ತಿರಬೇಕು. ನೋಡಬಾರದ್ದನ್ನು ನೋಡದೆ ಇರಬೇಕು. ನಾನಿಲ್ಲದೆಯೂ ಬೇಕಾದವರ ಕೈಗೆ ಅದು ಸಿಗುವಂತೆ ಮಾಡಿರಬೇಕು. ಇಷ್ಟನ್ನು ಮಾಡಿದವರಿಗೆ ಮಾತ್ರ ಒಡೆತನದ ಮಾತು ಆಡುವ ಅರ್ಹತೆ ಬರುತ್ತದೆ, ಕಡತಗಳು ಮನೆಯ ಪೆಟ್ಟಿಗೆಯಲ್ಲಿರಲಿ, ಸಾವಿರ ಮೈಲಿ ದೂರದ ಕಟ್ಟಡದಲ್ಲಿರಲಿ.